ಕೆಲಸ ಬಲ್ಲವರು ಕಲಿಸುವವರಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಪ್ಲಂಬರ್, ಗಾರೆ ಮೇಸ್ತ್ರಿ, ಟೈಲರ್, ಮೆಕ್ಯಾನಿಕ್. ಹೀಗೆ ಒಂದು ಕೆಲಸದಲ್ಲಿ ಕೈ ಪಳಗಿದ ಎಷ್ಟೋ ಜನ ಸ್ವಲ್ಪ ವರ್ಷಗಳಾದ ಮೇಲೆ ಕಲಿಸುವ ಕಡೆ ತಿರುಗುತ್ತಾರೆ. ಕೆಲವರು ಐಟಿಐ ಸೇರುತ್ತಾರೆ, ಕೆಲವರು ಕೌಶಲ್ಯ ತರಬೇತಿ ಕೇಂದ್ರಕ್ಕೆ ಹೋಗುತ್ತಾರೆ, ಇನ್ನು ಕೆಲವರಿಗೆ ಕಂಪನಿಯೇ "ಹೊಸಬರಿಗೆ ನೀವೇ ಹೇಳಿಕೊಡಿ" ಅನ್ನುತ್ತದೆ. ಅಂಥವರು ನಮ್ಮನ್ನು ಕೇಳುತ್ತಲೇ ಇರುವ ಪ್ರಶ್ನೆಗಳು ಇಲ್ಲಿವೆ. ಕೆಲವು ಉತ್ತರ ಉದ್ದ, ಕೆಲವು ಚಿಕ್ಕವು. ನಿಮಗೆ ಬೇಕಾದ ಪ್ರಶ್ನೆಯಿಂದಲೇ ಓದಲು ಶುರು ಮಾಡಬಹುದು.

ನನಗೆ ಇಪ್ಪತ್ತು ವರ್ಷದ ಅನುಭವ ಇದೆ. ಕಲಿಸೋಕೆ ಅಷ್ಟು ಸಾಲದಾ?

ಅನುಭವ ಇಲ್ಲದೆ ಕಲಿಸಲು ಹೋಗಲೇಬಾರದು. ಆದರೆ ಅದೊಂದೇ ಸಾಲದು. ಕಾರಣ ಏನೆಂದರೆ, ಕೈ ಪಳಗಿದಷ್ಟೂ ಆ ಕೈ ಏನು ಮಾಡುತ್ತಿದೆ ಅನ್ನುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಹೊಸದರಲ್ಲಿ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಮಾಡುತ್ತಿದ್ದೆವು. ಈಗ ಕೈ ತಾನಾಗಿ ಓಡುತ್ತದೆ. "ಅದು ಹೇಗೆ ಮಾಡಿದ್ರಿ?" ಎಂದು ಯಾರಾದರೂ ಕೇಳಿದರೆ "ಹೀಗೇ, ನೋಡು" ಅನ್ನುವುದು ಬಿಟ್ಟು ಬೇರೆ ಮಾತು ಬರುವುದಿಲ್ಲ.

ಒಳ್ಳೆಯ ಕೆಲಸಗಾರರು ಕಲಿಸಲು ನಿಂತಾಗ ಕಷ್ಟಪಡುವುದು ಇಲ್ಲೇ. ಅವರಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಕೈಯೊಳಗೆ ಇಳಿದುಹೋಗಿರುವುದನ್ನು ಮತ್ತೆ ಮೇಲಕ್ಕೆ ತಂದು, ಬಿಡಿಸಿ, ಮಾತಿನಲ್ಲಿ ಹೇಳುವುದು ಬೇರೆಯೇ ಒಂದು ಕೌಶಲ. ಅದನ್ನೂ ಕಲಿಯಬೇಕು. ಕಲಿಯಲು ಸಾಧ್ಯವಿದೆ.

ನನ್ನದೇ ಕೆಲಸವನ್ನು ಬಿಡಿಸಿ ನೋಡುವುದು ಹೇಗೆ? ಒಂದು ಉದಾಹರಣೆ ಕೊಡಿ.

ಆರ್ಕ್ ವೆಲ್ಡಿಂಗ್ ತೆಗೆದುಕೊಳ್ಳೋಣ. 6 ಮಿ.ಮೀ. ದಪ್ಪದ ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್, ಪ್ಲೇಟ್, 3.15 ಮಿ.ಮೀ. ರಾಡ್, ಸುಮಾರು 100ರಿಂದ 120 ಆಂಪಿಯರ್ ಕರೆಂಟ್. ಹೊಸಬರು ಮೊದಲ ದಿನ ಮಾಡಬೇಕಾದದ್ದು ಇಷ್ಟೇ: ಆರ್ಕ್, ಅಂದರೆ ರಾಡಿಗೂ ಪ್ಲೇಟಿಗೂ ನಡುವೆ ಉರಿಯುವ ವಿದ್ಯುತ್ ಕಿಡಿ, ಹೊತ್ತಿಸಿ ಒಂದು ನೇರ ಗೆರೆ ಎಳೆಯುವುದು.

ಮೊದಲು ರಾಡ್ ಅಂಟಿಕೊಳ್ಳುತ್ತದೆ. ಕಿಡಿ ಕಂಡ ಕೂಡಲೇ ಹೆದರಿ ಕೈ ಅಲ್ಲೇ ನಿಂತುಬಿಡುತ್ತದೆ, ಅದಕ್ಕೇ ಅಂಟುವುದು. ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ ತಕ್ಷಣ ಸ್ವಲ್ಪ ಮೇಲೆತ್ತು ಎಂದರೆ ಇದು ಬೇಗ ಸರಿಹೋಗುತ್ತದೆ. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ.

ತೊಂದರೆ ಬರುವುದು ಮುಂದಿನ ಹೆಜ್ಜೆಯಲ್ಲಿ. ಆರ್ಕ್ ಹೊತ್ತಿತು, ಕಲಿಯುವವರು ಒಂದಿಂಚು ಎಳೆದರು, ಚಟಪಟ ಎಂದು ಕಿಡಿ ಸಿಡಿದು ಆರಿಹೋಯಿತು. ಮತ್ತೆ ಹೊತ್ತಿಸಿದರೂ ಅಷ್ಟೇ. ಪಕ್ಕದಲ್ಲಿ ನಿಂತ ಮೇಸ್ತ್ರಿ "ಕೈ ಅಲುಗಾಡಿಸಬೇಡ, ಗಟ್ಟಿಯಾಗಿ ಹಿಡ್ಕೋ" ಅನ್ನುತ್ತಾರೆ. ಅವರು ಮನಸ್ಸಿನಿಂದಲೇ ಹೇಳುವ ಮಾತದು. ಆದರೆ ಆ ಮಾತು ದಾರಿ ತಪ್ಪಿಸುತ್ತದೆ! ರಾಡ್ ಕರಗುತ್ತಾ ಗಿಡ್ಡವಾಗುತ್ತಿರುತ್ತದೆ. ಕೈ ಒಂದೇ ಎತ್ತರದಲ್ಲಿ ನಿಂತರೆ ರಾಡಿನ ತುದಿಗೂ ಪ್ಲೇಟಿಗೂ ನಡುವಿನ ಅಂತರ ಹೆಚ್ಚುತ್ತಾ ಹೋಗಿ ಆರ್ಕ್ ಆರುತ್ತದೆ. ಅಂದರೆ ಕೈ ಮುಂದಕ್ಕೆ ಹೋಗುವ ಜೊತೆಗೆ ಕೆಳಕ್ಕೂ ಇಳಿಯುತ್ತಲೇ ಇರಬೇಕು. ಹೆಚ್ಚುಕಡಿಮೆ ರಾಡಿನ ದಪ್ಪದಷ್ಟೇ ಅಂತರ ಉಳಿಯಬೇಕು. ಆ ಮೇಸ್ತ್ರಿಯ ಕೈ ಇದನ್ನು ಪ್ರತಿದಿನ ಮಾಡುತ್ತಿದೆ. ಮಾಡುತ್ತಿದೆ ಅನ್ನುವುದು ಅವರಿಗೇ ಗೊತ್ತಿಲ್ಲ, ಅದಕ್ಕೇ ಹೇಳಿಲ್ಲ.

ಇನ್ನೊಂದಿದೆ. ಹೊಸಬರ ಕಣ್ಣು ಹೊಳೆಯುವ ಆರ್ಕ್ ಮೇಲೇ ನಿಲ್ಲುತ್ತದೆ. ಪಳಗಿದವರು ನೋಡುವುದು ಅದರ ಹಿಂದೆ ಕರಗಿ ನಿಂತ ಲೋಹವನ್ನು. ಅದರ ಅಗಲ ನೋಡಿಕೊಂಡೇ ಕೈ ಎಷ್ಟು ವೇಗವಾಗಿ ಹೋಗಬೇಕು ಅಂತ ತೀರ್ಮಾನಿಸುತ್ತಾರೆ. ಕಿವಿಯೂ ಕೆಲಸ ಮಾಡುತ್ತಿರುತ್ತದೆ. ಅಂತರ ಸರಿಯಿದ್ದರೆ ಶಬ್ದ ಒಂದೇ ಸಮ ಬರುತ್ತದೆ, ಜಾಸ್ತಿಯಾದರೆ ಒಡೆಯುತ್ತದೆ.

ಕೈ ಎಲ್ಲಿಗೆ ಹೋಗುತ್ತದೆ, ಕಣ್ಣು ಎಲ್ಲಿ ನೋಡುತ್ತದೆ, ಕಿವಿಗೆ ಏನು ಕೇಳುತ್ತದೆ. ನಿಮ್ಮ ಕೆಲಸದ ಪ್ರತಿ ಹೆಜ್ಜೆಗೂ ಈ ಮೂರನ್ನು ಬರೆಯಿರಿ. ಒಬ್ಬರೇ ಕೂತು ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಕೆಲಸ ಗೊತ್ತಿಲ್ಲದ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಿಧಾನವಾಗಿ ಮಾಡಿ, ಅವರಿಗೆ ಕಂಡದ್ದನ್ನೆಲ್ಲ ಹೇಳಲು ಬಿಡಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಧ್ವನಿ ತೆಗೆದು ನೋಡಿದರೂ ಆಗುತ್ತದೆ. ನಿಮ್ಮ ಕೈಯ ಗುಟ್ಟು ನಿಮಗೇ ಕಾಣುತ್ತದೆ.

ನಾಲ್ಕು ಹಂತದ ಪಾಠ ಅಂತ ಹೇಳ್ತಾರಲ್ಲ, ಅದೇನು?

ಸಿದ್ಧತೆ, ಪ್ರಸ್ತುತಿ, ಅನ್ವಯ, ಪರೀಕ್ಷೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹಡಗು ಕಟ್ಟಲು ಸಾವಿರಾರು ಹೊಸ ಕೆಲಸಗಾರರು ಬೇಕಾದರು. ಆಗ ಚಾರ್ಲ್ಸ್ ಅಲೆನ್ ಎಂಬ ವೃತ್ತಿಶಿಕ್ಷಣ ತಜ್ಞರು ಈ ನಾಲ್ಕು ಹಂತಗಳನ್ನು ಬಳಕೆಗೆ ತಂದರು. ಎರಡನೇ ಮಹಾಯುದ್ಧ ಬಂದಾಗ, 1940ರ ನಂತರ, ಅಲ್ಲಿನ ಕಾರ್ಖಾನೆಗಳಲ್ಲಿ ಮೇಲ್ವಿಚಾರಕರಿಗೆ ಇದನ್ನೇ ಇನ್ನಷ್ಟು ಸರಳ ಮಾಡಿ ಕಲಿಸಿದರು. ನಮ್ಮ ಇನ್‌ಸ್ಟ್ರಕ್ಟರ್ ತರಬೇತಿಯಲ್ಲಿ ಬರೆಸುವ ಲೆಸನ್ ಪ್ಲಾನ್‌ನಲ್ಲಿ ಇಂದಿಗೂ ಇವೇ ನಾಲ್ಕು ತಲೆಬರಹಗಳಿವೆ.

ಸಿದ್ಧತೆ ಅಂದರೆ ಚಾರ್ಟ್, ಟೂಲ್ ಜೋಡಿಸಿಡುವುದು ಮಾತ್ರ ಅಲ್ಲ. ಕಲಿಯುವವರ ಮನಸ್ಸನ್ನು ಆ ಕೆಲಸದ ಕಡೆ ತರುವುದು. "ಮೆಟ್ಟಿಲ ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಎಲ್ಲಿಂದ ಬೇಕಾದರೂ ಲೈಟ್ ಹಾಕಬಹುದು, ಆರಿಸಬಹುದು. ಒಳಗೆ ವೈರ್ ಹೇಗೆ ಹೋಗಿರಬಹುದು?" ಎಂದು ಕೇಳಿ ಎರಡು ನಿಮಿಷ ಸುಮ್ಮನಿದ್ದರೆ ಟೂ ವೇ ಸ್ವಿಚ್ ಪಾಠ ಅರ್ಧ ಆದಂತೆ.

ಪ್ರಸ್ತುತಿಯಲ್ಲಿ ಮೂರು ಸಲ ಮಾಡಿ ತೋರಿಸಿ. ಮೊದಲು ಮಾತಿಲ್ಲದೆ, ಕೆಲಸದ ವೇಗದಲ್ಲಿ. ಆಮೇಲೆ ನಿಧಾನವಾಗಿ, ಪ್ರತಿ ಹೆಜ್ಜೆ ಹೇಳುತ್ತಾ. ಮೂರನೇ ಸಲ ಅವರು ಹೇಳಬೇಕು, ನೀವು ಅವರು ಹೇಳಿದಷ್ಟನ್ನೇ ಮಾಡಬೇಕು. ಈ ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅದೇ ಮುಖ್ಯ.

ತೋರಿಸುವಾಗ ಎದುರು ನಿಲ್ಲಿಸಬೇಡಿ. ಎದುರಿಗಿದ್ದವರಿಗೆ ನಿಮ್ಮ ಬಲ ಎಡವಾಗಿ ಕಾಣುತ್ತದೆ. ಪಕ್ಕದಲ್ಲಿ ಅಥವಾ ಭುಜದ ಹಿಂದೆ ನಿಲ್ಲಿಸಿ. ಎಡಗೈ ಬಳಸುವವರು ಇದ್ದರೆ ಅವರೊಬ್ಬರು ಎದುರಿಗೆ ನಿಂತರೆ ಅನುಕೂಲ.

ಐಟಿಐನಲ್ಲಿ ಕಲಿಸಲು ಯಾವ ಸರ್ಟಿಫಿಕೇಟ್ ಬೇಕು?

ಆಯಾ ಟ್ರೇಡ್‌ನಲ್ಲಿ, ಅಂದರೆ ನೀವು ಕಲಿಸುವ ಕೆಲಸದಲ್ಲಿ, ಐಟಿಐ, ಅಪ್ರೆಂಟಿಸ್‌ಶಿಪ್, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಅದಕ್ಕೆ ತಕ್ಕ ಕೆಲಸದ ಅನುಭವವನ್ನೂ ಕೇಳುತ್ತಾರೆ. ಅದರ ಮೇಲೆ ಕಲಿಸುವ ತರಬೇತಿ: ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಟ್ರೈನಿಂಗ್ ಸ್ಕೀಮ್, ಎಲ್ಲರೂ ಹೇಳುವ ಹೆಸರು ಸಿಐಟಿಎಸ್. ಇದು ಒಂದು ವರ್ಷದ ಕೋರ್ಸ್, ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಟಿ, ನಡೆಸುತ್ತದೆ. ನಿಮ್ಮ ಟ್ರೇಡ್‌ನ ಥಿಯರಿ, ಪ್ರಾಕ್ಟಿಕಲ್ ಜೊತೆಗೆ ಕಲಿಸುವ ವಿಧಾನವೂ ಒಂದು ವಿಷಯ. ಪಾಸಾದವರಿಗೆ ರಾಷ್ಟ್ರೀಯ ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್ ಸಿಗುತ್ತದೆ.

ಬೆಂಗಳೂರಿನಲ್ಲಿ ಇದಕ್ಕೆ ತುಮಕೂರು ರಸ್ತೆಯಲ್ಲಿ ರಾಷ್ಟ್ರೀಯ ಕೌಶಲ್ಯ ತರಬೇತಿ ಸಂಸ್ಥೆ, ಎನ್‌ಎಸ್‌ಟಿಐ, ಇದೆ. ಹಳಬರು ಅದನ್ನು ಫೋರ್‌ಮನ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಹೊಸೂರು ರಸ್ತೆಯಲ್ಲಿ ಮಹಿಳೆಯರಿಗೇ ಮೀಸಲಾದ ಎನ್‌ಎಸ್‌ಟಿಐ ಇದೆ. ಪ್ರವೇಶದ ನಿಯಮ, ಯಾವ ಟ್ರೇಡ್ ಎಲ್ಲಿ ಇದೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆ ವರ್ಷದ ಡಿಜಿಟಿ ಪ್ರಾಸ್ಪೆಕ್ಟಸ್ ಓದದೆ ಯಾರದೋ ಮಾತು ನಂಬಿ ಹಣ ಕಟ್ಟಬೇಡಿ.

ಕರ್ನಾಟಕದ ಸರ್ಕಾರಿ ಐಟಿಐಗಳಲ್ಲಿ ಇನ್‌ಸ್ಟ್ರಕ್ಟರ್ ಹುದ್ದೆಯ ಹೆಸರು ಕಿರಿಯ ತರಬೇತಿ ಅಧಿಕಾರಿ. ಮಾತಿನಲ್ಲಿ ಜೆಟಿಒ. ನೇಮಕಾತಿ ಅಧಿಸೂಚನೆ ಹೊರಟಾಗಲೇ ಅರ್ಹತೆಯ ವಿವರ ನಿಖರವಾಗಿ ತಿಳಿಯುವುದು.

ಡಿಪ್ಲೊಮಾ, ಬಿಇ ಮಾಡಿದವರು ನೇರವಾಗಿ ಕಲಿಸಬಹುದಲ್ವಾ?

ಕಾಗದದ ಮೇಲೆ ಅರ್ಹತೆ ಇರುತ್ತದೆ. ಆದರೆ ಐಟಿಐ ಕೋರ್ಸಿನ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷದ 1,200 ಗಂಟೆಯಲ್ಲಿ 840 ಗಂಟೆ ಪ್ರಾಕ್ಟಿಕಲ್. ಥಿಯರಿ 240, ಎಂಪ್ಲಾಯಬಿಲಿಟಿ ಸ್ಕಿಲ್ಸ್ 120. ಅಂದರೆ ಹತ್ತರಲ್ಲಿ ಏಳು ಪಾಲು ಸಮಯ ವರ್ಕ್‌ಶಾಪಿನಲ್ಲೇ ನಿಲ್ಲಬೇಕು. ಅರ ಹಿಡಿದು ಉಜ್ಜಿ, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡುವುದು ನಿಮಗೇ ಬಾರದಿದ್ದರೆ ಆ 840 ಗಂಟೆ ತುಂಬ ಉದ್ದ ಅನ್ನಿಸುತ್ತದೆ. ಸೇರುವ ಮೊದಲು ಆರು ತಿಂಗಳಾದರೂ ಒಂದು ಶೆಡ್‌ನಲ್ಲಿ ಕೈ ಕಪ್ಪು ಮಾಡಿಕೊಳ್ಳಿ.

ಐಟಿಐ ಬಿಟ್ಟು ಬೇರೆ ಎಲ್ಲಿ ಕಲಿಸಬಹುದು?

ದಾರಿ ಬಹಳ ಇವೆ. ನಮ್ಮ ರಾಜ್ಯದವರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಒಂದು ಉದಾಹರಣೆ ರುಡ್‌ಸೆಟ್. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ಸಂಸ್ಥೆ. ಹಳ್ಳಿಯ ನಿರುದ್ಯೋಗಿಗಳನ್ನು ಕೇಂದ್ರದಲ್ಲೇ ಉಳಿಸಿಕೊಂಡು, ಉಚಿತವಾಗಿ, ಕೆಲವೇ ವಾರಗಳಲ್ಲಿ ಒಂದು ಕೆಲಸ ಕಲಿಸಿ, ಸ್ವಂತ ಉದ್ಯೋಗಕ್ಕೆ ಬ್ಯಾಂಕ್ ಸಾಲದ ದಾರಿಯನ್ನೂ ತೋರಿಸುತ್ತದೆ. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಯ್ದಿತು. ಅದೇ ಇಂದಿನ ಆರ್‌ಸೆಟಿ. ಮೋಟಾರ್ ರಿವೈಂಡಿಂಗ್, ಮನೆ ವೈರಿಂಗ್, ಮೊಬೈಲ್ ರಿಪೇರಿ, ಟೈಲರಿಂಗ್ ಬಲ್ಲ ಸ್ಥಳೀಯರನ್ನು ಅತಿಥಿ ತರಬೇತುದಾರರಾಗಿ ಕರೆಯುತ್ತಾರೆ. ಕಲಿಸುವ ಕೆಲಸ ನಿಮಗೆ ಒಗ್ಗುತ್ತದಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸೆಪ್ಟೆಂಬರ್ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಗಾರೆಯವರು ಸೇರಿ 18 ಬಗೆಯ ಕುಶಲಕರ್ಮಿಗಳಿಗೆ 5ರಿಂದ 7 ದಿನದ ಮೂಲ ತರಬೇತಿ ಇದೆ. ಅಲ್ಲಿ ಕಲಿಸುವುದು ಸುಲಭ ಅಲ್ಲ. ಎದುರಿಗೆ ಕೂತವರು ಆಗಲೇ ಆ ಕೆಲಸದಲ್ಲಿ ಬದುಕುತ್ತಿರುವವರು. ಇದಲ್ಲದೆ ಪ್ರಧಾನ ಮಂತ್ರಿ ಕೌಶಲ್ಯ ವಿಕಾಸ ಯೋಜನೆ, ಪಿಎಂಕೆವಿವೈ, ಇಂಥ ಯೋಜನೆಗಳ ಕೇಂದ್ರಗಳಿವೆ. ಅಲ್ಲಿ ಕಲಿಸಲು ಆಯಾ ಕ್ಷೇತ್ರದ ಕೌಶಲ್ಯ ಮಂಡಳಿಯ 'ಟ್ರೈನಿಂಗ್ ಆಫ್ ಟ್ರೈನರ್ಸ್' ಮುಗಿಸಿರಬೇಕು. ಸಿಐಟಿಎಸ್‌ಗೆ ಹೋಲಿಸಿದರೆ ಇದು ಬಹಳ ಚಿಕ್ಕ ತರಬೇತಿ.

ಹದಿನೇಳರ ಹುಡುಗನಿಗೂ ನಲವತ್ತರ ಕೆಲಸಗಾರನಿಗೂ ಕಲಿಸುವುದರಲ್ಲಿ ಏನು ವ್ಯತ್ಯಾಸ?

ಹುಡುಗ "ಯಾಕೆ" ಅಂತ ಕೇಳದೆಯೂ ಮಾಡುತ್ತಾನೆ. ನಲವತ್ತರವರಿಗೆ ಯಾಕೆ ಅನ್ನುವುದು ಮೊದಲು ಬೇಕು. ಅವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಪಿಎಂ ವಿಶ್ವಕರ್ಮದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ ಇದೆ, ಆದರೆ ಒಳ್ಳೆಯ ಬಡಗಿಯ ಒಂದು ದಿನದ ದುಡಿಮೆ ಅದಕ್ಕಿಂತ ಜಾಸ್ತಿ. ಮೊದಲ ಒಂದು ಗಂಟೆಯೊಳಗೆ ನಾಳೆ ಕೆಲಸದಲ್ಲಿ ಉಪಯೋಗಕ್ಕೆ ಬರುವ ಒಂದಾದರೂ ವಿಷಯ ಕೈಗೆ ಸಿಗದಿದ್ದರೆ ಅವರ ಮನಸ್ಸು ಹೊರಗೆ ಹೋಗಿಬಿಡುತ್ತದೆ. ಅದು ಅವರ ತಪ್ಪಲ್ಲ.

ಎರಡನೆಯದು, ಅವರು ಖಾಲಿ ಕೈಯಲ್ಲಿ ಬಂದಿಲ್ಲ. ತಮ್ಮದೇ ಒಂದು ಪದ್ಧತಿ ಇಟ್ಟುಕೊಂಡು ಬಂದಿದ್ದಾರೆ. ಅದರಲ್ಲಿ ಅರ್ಧ ನಿಮಗಿಂತ ಚೆನ್ನಾಗಿರಬಹುದು, ಸ್ವಲ್ಪ ಭಾಗ ಅಪಾಯದ್ದಾಗಿರಬಹುದು. ಪಾಠ ಶುರುವಾಗುವ ಮೊದಲು "ಇದನ್ನ ನೀವು ಹೇಗೆ ಮಾಡ್ತೀರಿ, ತೋರಿಸಿ" ಅನ್ನಿ. ಏನು ಹೇಳಬೇಕು, ಏನು ಹೇಳಬೇಕಾಗಿಲ್ಲ ಅನ್ನುವುದು ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಮೂರನೆಯದನ್ನು ಯಾರೂ ಹೇಳುವುದಿಲ್ಲ: ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ವರ್ನಿಯರ್ ಕ್ಯಾಲಿಪರ್‌ನ 0.02 ಮಿ.ಮೀ. ಗೆರೆ ಓದಲು ಆಗದೆ ತಡವರಿಸುವವರನ್ನು ನೋಡಿ "ಇವರಿಗೆ ಲೆಕ್ಕ ಬರಲ್ಲ" ಅಂದುಕೊಳ್ಳುತ್ತೇವೆ. ಕನ್ನಡಕ ಬೇಕಾಗಿರುತ್ತದೆ ಅಷ್ಟೇ. ಬೆಂಚ್ ಮೇಲೆ ಒಂದು ಒಳ್ಳೆಯ ಲೈಟ್, ಒಂದು ಭೂತಗನ್ನಡಿ ಇಡಿ.

ನನಗಿಂತ ಹಿರಿಯರು ಕ್ಲಾಸಿನಲ್ಲಿದ್ದಾರೆ. ತಪ್ಪನ್ನು ಹೇಗೆ ತಿದ್ದಲಿ?

ಎಲ್ಲರೆದುರು ತಿದ್ದಬೇಡಿ. ಇದೊಂದನ್ನು ಮಾತ್ರ ಎಂದೂ ಮೀರಬೇಡಿ. ಅಪಾಯ ಇದ್ದರೆ ತಕ್ಷಣ ನಿಲ್ಲಿಸಿ, ಅದಕ್ಕೆ ಯಾರ ಮುಲಾಜೂ ಬೇಡ. ಉಳಿದದ್ದಕ್ಕೆ ಪಕ್ಕಕ್ಕೆ ಹೋಗಿ ಮೆಲ್ಲಗೆ ಮಾತಾಡಿ.

ಹಿರಿಯರನ್ನು "ಯಜಮಾನರೇ" ಅನ್ನಿ, "ಅಣ್ಣಾ" ಅನ್ನಿ, "ಅಕ್ಕಾ" ಅನ್ನಿ, ನಿಮ್ಮ ಊರಿನಲ್ಲಿ ಯಾವುದು ಸಹಜವೋ ಅದು. "ಹಾಗಲ್ಲ, ಹೀಗೆ" ಎಂದು ಕೈಯಿಂದ ಕಿತ್ತುಕೊಳ್ಳುವ ಬದಲು ಅಳತೆಯೇ ಹೇಳಲಿ. ಗಾರೆ ಮೇಸ್ತ್ರಿ ಕಟ್ಟಿದ ಗೋಡೆ ವಾಲಿದ್ದರೆ ತೂಗುಗುಂಡು ಅವರ ಕೈಗೇ ಕೊಡಿ. "ಯಜಮಾನರೇ, ಒಂದು ಸಲ ಇಳಿಬಿಟ್ಟು ನೋಡ್ತೀರಾ?" ಅವರೇ ನೋಡುತ್ತಾರೆ, ಅವರೇ ಸರಿಮಾಡುತ್ತಾರೆ. ನೀವು ಇನ್ನೊಂದು ಮಾತು ಆಡುವ ಅಗತ್ಯವೇ ಇರುವುದಿಲ್ಲ.

ಅವರಿಗೆ ಚೆನ್ನಾಗಿ ಬರುವ ಒಂದು ಕೆಲಸ ಹುಡುಕಿ, ಅದನ್ನು ಉಳಿದವರಿಗೆ ತೋರಿಸಲು ಅವರನ್ನೇ ಕರೆಯಿರಿ. ಉಪಚಾರಕ್ಕೆ ಹೇಳುವ ಮಾತಲ್ಲ ಇದು. ಅವರಿಂದ ನೀವೂ ಕಲಿಯುತ್ತೀರಿ.

ಓದು ಬರಹ ಅಷ್ಟಾಗಿ ಬಾರದವರಿಗೆ ಡ್ರಾಯಿಂಗ್, ಅಳತೆ ಹೇಗೆ ಕಲಿಸುವುದು?

ಅವರಿಗೆ ಅಳತೆ ಗೊತ್ತಿಲ್ಲ ಅಂತ ಶುರು ಮಾಡಬೇಡಿ. ಬಡಗಿಗಳು, ಗಾರೆಯವರು ಇಂಚಿನಲ್ಲಿ, ನೂಲಿನಲ್ಲಿ ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಡ್ರಾಯಿಂಗ್ ಇರುವುದು ಮಿಲಿಮೀಟರ್‌ನಲ್ಲಿ. ಇಂಚು ಅಂದರೆ 25.4 ಮಿ.ಮೀ., ಅದರ ಎಂಟನೇ ಒಂದು ಪಾಲು, ಅವರು ನೂಲು ಅನ್ನುವುದು, ಮೂರು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಎರಡೂ ಅಳತೆ ಇರುವ ಟೇಪ್ ಹಿಡಿದು ಅವರು ದಿನಾ ಬಳಸುವ ಹತ್ತು ಅಳತೆಗಳನ್ನು ಅಕ್ಕಪಕ್ಕ ಬರೆಸಿ. ಅಲ್ಲಿಂದ ಮುಂದೆ ಅವರೇ ಹೋಗುತ್ತಾರೆ.

ಡ್ರಾಯಿಂಗ್‌ಗೆ ಮೊದಲು ವಸ್ತುವನ್ನೇ ಕೈಗೆ ಕೊಡಿ. ಒಂದು ಎಲ್ ಆಕಾರದ ತುಂಡು. ಮುಂದಿನಿಂದ ನೋಡಿದರೆ ಹೇಗೆ, ಮೇಲಿನಿಂದ ನೋಡಿದರೆ ಹೇಗೆ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಅವರೇ ಬರೆಯಲಿ. ಆಮೇಲೆ ಕಾಗದ ತೋರಿಸಿ. ಕಾಗದದಿಂದ ಶುರು ಮಾಡಿದರೆ ಓದಿದವರೂ ಎಡವುತ್ತಾರೆ.

ಪಾಠ ಕನ್ನಡದಲ್ಲಿ ಮಾಡಬೇಕಾ, ಇಂಗ್ಲಿಷಿನಲ್ಲಾ?

ವಿವರಣೆ ಕನ್ನಡದಲ್ಲಿ, ಟೂಲಿನ ಹೆಸರು ವರ್ಕ್‌ಶಾಪಿನಲ್ಲಿ ನಡೆಯುವ ಹೆಸರು. ಸ್ಪ್ಯಾನರ್ ಸ್ಪ್ಯಾನರೇ, ಕ್ಯಾಲಿಪರ್ ಕ್ಯಾಲಿಪರೇ. ನಾಳೆ ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ಅದೇ ಹೆಸರು ಕೇಳಬೇಕಲ್ಲ. ಪುಸ್ತಕ ಬೇಕಾದರೆ ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ, ನಿಮಿ, ಐಟಿಐ ಟ್ರೇಡ್‌ಗಳಿಗೆ ಪುಸ್ತಕ ಹೊರತರುತ್ತದೆ. 1986ರಲ್ಲಿ ಜರ್ಮನಿಯ ನೆರವಿನಿಂದ ಶುರುವಾದ ಸಂಸ್ಥೆ ಅದು. ಕೆಲವು ಟ್ರೇಡ್‌ಗಳ ಪುಸ್ತಕ ಕನ್ನಡದಲ್ಲೂ ಇದೆ. ಅದನ್ನು ಓದಿ ಹೇಳುವುದು ಪಾಠ ಆಗುವುದಿಲ್ಲ, ಆದರೆ ಚಿತ್ರಗಳು, ಎಕ್ಸರ್‌ಸೈಜ್‌ಗಳು ತುಂಬ ಉಪಯೋಗ.

ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಇನ್ನೊಂದು ಸಂಗತಿ ಇದೆ. ರಾಯಚೂರು, ಕಲಬುರಗಿ ಕಡೆಯವರ ಪಕ್ಕದಲ್ಲೇ ಒಡಿಶಾ, ಬಿಹಾರ, ಬಂಗಾಳದವರು ಇರುತ್ತಾರೆ. ಅಲ್ಲಿ ಮಾತು ಕಡಿಮೆ ಮಾಡಿ, ಮಾಡಿ ತೋರಿಸುವುದು ಜಾಸ್ತಿ ಇರಲಿ. ಎರಡೂ ಭಾಷೆ ಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ಸುರಕ್ಷತೆಯ ಮಾತು ಮಾತ್ರ ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲೇ ಮುಟ್ಟಬೇಕು.

ಇಪ್ಪತ್ತು ಜನ, ಮೆಷಿನ್ ಎರಡೇ. ಹೇಗೆ ಸಂಭಾಳಿಸುವುದು?

ಎಲ್ಲರೂ ಒಂದೇ ಕೆಲಸ ಮಾಡಬೇಕು ಅನ್ನುವುದನ್ನು ಬಿಡಿ. ನಾಲ್ಕು ಗುಂಪು ಮಾಡಿ. ಒಂದು ಗುಂಪು ಮೆಷಿನ್ ಮೇಲೆ, ಒಂದು ಮಾರ್ಕಿಂಗ್, ಒಂದು ಅಳತೆ ನೋಡುವುದು, ಇನ್ನೊಂದು ಟೂಲ್ ಸಾಣೆ ಮತ್ತು ಕ್ಲೀನಿಂಗ್. ಗಂಟೆಗೊಮ್ಮೆ ಬದಲಾಯಿಸಿ. ಸುಮ್ನೆ ಕೂರುವವರು ಯಾರೂ ಇರಬಾರದು. ಯಾರು ಎಷ್ಟು ಹೊತ್ತು ಮೆಷಿನ್ ಮುಟ್ಟಿದರು ಅಂತ ಗೋಡೆಯ ಮೇಲೆ ಒಂದು ಚಾರ್ಟ್ ಹಾಕಿ. ಇಲ್ಲದಿದ್ದರೆ ಮುಂದೆ ನುಗ್ಗುವ ನಾಲ್ಕು ಜನಕ್ಕೇ ಮೆಷಿನ್ ಸಿಗುತ್ತದೆ, ಹಿಂದೆ ನಿಂತವರು ಕೋರ್ಸ್ ಮುಗಿಯುವವರೆಗೂ ಹಿಂದೆಯೇ ನಿಂತಿರುತ್ತಾರೆ.

ಸುರಕ್ಷತೆ ಪಾಠ ಅಂದ್ರೆ ಯಾರೂ ಕೇಳಲ್ಲ. ಏನು ಮಾಡುವುದು?

ಬೇರೆ ಪಾಠವಾಗಿ ಮಾಡುವುದರಿಂದಲೇ ಕೇಳುವುದಿಲ್ಲ. ಪ್ರತಿ ಕೆಲಸದ ಹೆಜ್ಜೆಯೊಳಗೇ ಸೇರಿಸಿ, ಕಾರಣದ ಜೊತೆ ಹೇಳಿ. ವೆಲ್ಡಿಂಗ್‌ನಲ್ಲಿ ಚರ್ಮದ ಗ್ಲೌಸ್ ಹಾಕಲೇಬೇಕು. ಲೋಹವನ್ನು ತಿರುಗಿಸಿ ಕಡಿಯುವ ಲೇತ್ ಮೆಷಿನ್ ಮುಂದೆ ಗ್ಲೌಸ್ ಹಾಕಲೇಬಾರದು, ತಿರುಗುವ ಚಕ್ ಗ್ಲೌಸನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. "ಗ್ಲೌಸ್ ಹಾಕಿ" ಅನ್ನುವ ಬೋರ್ಡ್ ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಉಂಗುರ, ಬಳೆ, ದುಪಟ್ಟಾ, ಉದ್ದ ತೋಳಿನ ಶರ್ಟ್ ಎಲ್ಲಕ್ಕೂ ಲೇತ್ ಮುಂದೆ ಇದೇ ಮಾತು.

ಅನುಭವಿಗಳು "ಇಷ್ಟು ವರ್ಷ ಏನೂ ಆಗಿಲ್ಲ" ಅನ್ನುತ್ತಾರೆ. ವಾದ ಮಾಡಬೇಡಿ. ತಲೆ ಅರಳಿದ ಒಂದು ಹಳೇ ಉಳಿ ಮೇಜಿನ ಮೇಲಿಡಿ. ಸುತ್ತಿಗೆ ಬಿದ್ದಾಗ ಆ ಅಂಚಿನ ಚೂರು ಯಾವ ಕಡೆ ಸಿಡಿಯುತ್ತದೆ ಅಂತ ಅವರನ್ನೇ ಕೇಳಿ. ಗ್ಲಾಸ್ ಇಲ್ಲದೆ ಆರ್ಕ್ ನೋಡಿ, ರಾತ್ರಿ ಕಣ್ಣಿಗೆ ಮರಳು ಹೊಯ್ದಂತಾಗಿ ನಿದ್ದೆ ಕೆಟ್ಟವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರಿಂದಲೇ ಹೇಳಿಸಿ. ಎಲೆಕ್ಟ್ರಿಷಿಯನ್ ಕ್ಲಾಸಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟೆಸ್ಟ್ ಬಟನ್ ಒತ್ತುವುದರಿಂದಲೇ ದಿನ ಶುರುವಾಗಲಿ.

ಮತ್ತೆ, ನೀವೇ ಚಪ್ಪಲಿ ಹಾಕಿಕೊಂಡು ವರ್ಕ್‌ಶಾಪಿಗೆ ಬಂದರೆ ಮೇಲಿನದೆಲ್ಲ ವ್ಯರ್ಥ.

ಕಲಿತರೋ ಇಲ್ಲವೋ ಅಂತ ಹೇಗೆ ಅಳೆಯುವುದು?

ಐಟಿಐ ಪರೀಕ್ಷೆಯಲ್ಲಿ ಟ್ರೇಡ್ ಪ್ರಾಕ್ಟಿಕಲ್ ಪಾಸಾಗಲು ಶೇ. 60 ಬೇಕು, ಥಿಯರಿಗೆ ಶೇ. 33 ಸಾಕು. ಕೈಕೆಲಸಕ್ಕೆ ಎಷ್ಟು ತೂಕ ಕೊಟ್ಟಿದ್ದಾರೆ ನೋಡಿ. ಆ ಅಂಕವನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಆ ತೂಕಕ್ಕೆ ಅರ್ಥವಿಲ್ಲ. ಕೆಲಸ ಕೊಡುವ ಮೊದಲೇ ಯಾವುದಕ್ಕೆ ಎಷ್ಟು ಅಂಕ ಅಂತ ಬರೆದು ಹಾಕಿ: ಅಳತೆ, ಮೂಲೆಯ ನೇರ, ಫಿನಿಶಿಂಗ್, ಟೂಲ್ ಬಳಸಿದ ರೀತಿ, ಸುರಕ್ಷತೆ, ಸಮಯ. ಮುಗಿಸಿದ ಮೇಲೆ ಮೊದಲು ಅವರೇ ತಮ್ಮ ತುಂಡನ್ನು ಅಳೆದು ಅಂಕ ಹಾಕಲಿ, ಆಮೇಲೆ ನೀವು ಹಾಕಿ. ಎರಡೂ ಹತ್ತಿರ ಬಂದರೆ ಅವರಿಗೆ ಕೆಲಸ ಮಾತ್ರವಲ್ಲ, ಕೆಲಸ ನೋಡುವುದೂ ಬಂದಿದೆ. ದೂರ ಇದ್ದರೆ ಅಲ್ಲೇ ಮುಂದಿನ ಪಾಠ ಇದೆ.

ಹೊಸ ಮೆಷಿನ್‌ಗಳು ಬರುತ್ತಲೇ ಇವೆ. ನಾವು ಹಿಂದೆ ಬೀಳದಿರುವುದು ಹೇಗೆ?

ಈ ಚಿಂತೆ ನಿಜವಾದದ್ದು. ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಿದಾಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್, ರೋಬೋಟ್, ಎಲೆಕ್ಟ್ರಿಕ್ ವಾಹನದ ಉಪಕರಣಗಳು ಒಟ್ಟಿಗೇ ಬಂದವು. ಲೇತ್ ಮೇಲೆ ಜೀವನ ಕಳೆದ ಇನ್‌ಸ್ಟ್ರಕ್ಟರ್‌ಗಳು ಮತ್ತೆ ಕಲಿಯುವ ಬೆಂಚಿಗೆ ಕೂರಬೇಕಾಯಿತು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಹೊಸದನ್ನು ಕಲಿಯುವಾಗ ಆಗುವ ತಡಕಾಟ ಹೇಗಿರುತ್ತದೆ ಅಂತ ನೆನಪಿದ್ದವರೇ ಚೆನ್ನಾಗಿ ಕಲಿಸುತ್ತಾರೆ.

ಡಿಜಿಟಿಯ ರಿಫ್ರೆಶರ್ ಕೋರ್ಸ್‌ಗಳು ಎನ್‌ಎಸ್‌ಟಿಐಗಳಲ್ಲಿ ನಡೆಯುತ್ತವೆ, ಕೇಳಿ ಹೋಗಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ, ಈಗ ರಾಜ್ಯದ ಹಲವು ಊರುಗಳಲ್ಲಿದೆ. ಅಲ್ಲಿ ಸಿಎನ್‌ಸಿ, ಡಿಸೈನ್‌ನಂಥ ಕಡಿಮೆ ಅವಧಿಯ ಕೋರ್ಸ್‌ಗಳೂ ಇವೆ. ಇವೆರಡಕ್ಕಿಂತ ಹತ್ತಿರದ್ದು ನಿಮ್ಮ ಹಳೇ ವಿದ್ಯಾರ್ಥಿಗಳು. ರಜೆಯಲ್ಲಿ ಅವರು ಕೆಲಸ ಮಾಡುವ ಜಾಗಕ್ಕೆ ಒಂದು ವಾರ ಹೋಗಿ ನಿಲ್ಲಿ. ಸಿಲಬಸ್‌ಗೂ ಶಾಪ್ ಫ್ಲೋರ್‌ಗೂ ಎಷ್ಟು ದೂರ ಇದೆ ಅಂತ ತಿಳಿಯುತ್ತದೆ.

ಹೆಣ್ಣುಮಕ್ಕಳು ವೆಲ್ಡಿಂಗ್, ಫಿಟ್ಟಿಂಗ್ ಕಲಿಸಬಹುದಾ?

ಖಂಡಿತ. ಕಲಿಯುವ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಬೇಕು ಅಂತಿದ್ದರೆ ಕಲಿಸುವವರಲ್ಲೂ ಅವರು ಇರಬೇಕು. ಕೇಂದ್ರ ನಡೆಸುವವರಿಗೆ ಒಂದು ಮಾತು: ಅಳತೆಗೆ ಸರಿಯಾದ ಏಪ್ರನ್, ಗ್ಲೌಸ್, ಶೂ ತರಿಸಿ. ಬಟ್ಟೆ ಬದಲಿಸಲು ಬೀಗ ಇರುವ ಕೋಣೆ, ನೀರಿರುವ ಶೌಚಾಲಯ ಕೊಡಿ. ಇವು ಇಲ್ಲದ ಕಾರಣಕ್ಕೇ ಬಿಟ್ಟುಹೋಗುವವರು ಬಹಳ.

ಆದಾಯ ಕಡಿಮೆಯಾಗುತ್ತದಾ?

ಎಷ್ಟೋ ಸಲ ಹೌದು. ಸ್ವಂತ ಗುತ್ತಿಗೆ ಕೆಲಸ ಇರುವ ಒಳ್ಳೆಯ ಎಲೆಕ್ಟ್ರಿಷಿಯನ್, ಖಾಸಗಿ ಕೇಂದ್ರದ ತರಬೇತುದಾರರಿಗಿಂತ ಜಾಸ್ತಿ ಗಳಿಸುತ್ತಾರೆ. ಸರ್ಕಾರಿ ಹುದ್ದೆಯ ಮಾತು ಬೇರೆ. ಅದಕ್ಕೇ ಕೆಲಸ ಪೂರ್ತಿ ಬಿಡದೆ, ವಾರದಲ್ಲಿ ಎರಡು ದಿನ ಕಲಿಸುವುದರಿಂದ ಶುರು ಮಾಡಿ ಅಂತ ನಾವು ಹೇಳುತ್ತೇವೆ. ಕೆಲಸದ ಸಂಪರ್ಕ ಉಳಿದರೆ ಪಾಠವೂ ಹಳತಾಗುವುದಿಲ್ಲ. ಖಾಸಗಿ ಕೇಂದ್ರ ಸೇರುವಾಗ ಸಂಬಳ ಯಾವ ತಾರೀಖಿಗೆ ಬರುತ್ತದೆ ಅನ್ನುವುದನ್ನು ಬರಹದಲ್ಲಿ ಪಡೆಯಿರಿ.

ನಾನು ಸುಧಾರಿಸುತ್ತಿದ್ದೇನಾ ಅಂತ ಹೇಗೆ ತಿಳಿಯುವುದು?

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನದ ಕೊನೆಗೆ ಎರಡೇ ಸಾಲು: ಇವತ್ತು ಹೆಚ್ಚು ಜನ ಎಲ್ಲಿ ತಡವರಿಸಿದರು, ನಾನು ಅಲ್ಲಿ ಏನು ಹೇಳಿದ್ದೆ. ಮುಂದಿನ ಬ್ಯಾಚಿಗೆ ಅದೇ ಜಾಗದಲ್ಲಿ ಮಾತು ಬದಲಾಯಿಸಿ ನೋಡಿ. ಇಪ್ಪತ್ತರಲ್ಲಿ ಹದಿನೈದು ಜನ ಒಂದೇ ತಪ್ಪು ಮಾಡುತ್ತಿದ್ದರೆ ತಪ್ಪು ಪಾಠದಲ್ಲಿದೆ. ಒಬ್ಬಿಬ್ಬರು ಮಾಡುತ್ತಿದ್ದರೆ ಅವರ ಪಕ್ಕ ಕೂತರೆ ಸಾಕು.

ಜೊತೆಗಾರರೊಬ್ಬರನ್ನು ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿ. "ಪಾಠ ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ. ಅದರ ಬದಲು "ನಾನು ಎಷ್ಟು ಹೊತ್ತು ಮಾತಾಡಿದೆ, ಅವರ ಕೈ ಎಷ್ಟು ಹೊತ್ತು ಕೆಲಸ ಮಾಡಿತು, ಗಡಿಯಾರ ನೋಡಿ ಬರೆಯಿರಿ" ಅನ್ನಿ.

ನಾಳೆ ನನ್ನ ಮೊದಲ ಕ್ಲಾಸ್. ಏನೇನು ನೆನಪಿಡಲಿ?

ಒಂದೇ ಒಂದು ಕೆಲಸ ಕಲಿಸಿ, ಮೂರು ಬೇಡ. ಇವತ್ತು ಸಂಜೆಯೇ ಆ ಕೆಲಸವನ್ನು ಅದೇ ಜಾಗದಲ್ಲಿ, ಅದೇ ಟೂಲ್‌ನಿಂದ ಒಮ್ಮೆ ಮಾಡಿ ನೋಡಿ. ಮನೆಯ ಟೂಲ್‌ನಲ್ಲಿ ಬಂದದ್ದು ಅಲ್ಲಿಯ ಮೊಂಡು ಬ್ಲೇಡ್‌ನಲ್ಲಿ ಬರದಿರಬಹುದು. ರಾಡ್, ಬ್ಲೇಡ್, ವೈರ್ ಬೇಕಾದ್ದಕ್ಕಿಂತ ಎರಡು ಪಟ್ಟು ಇಟ್ಟುಕೊಳ್ಳಿ, ಕಲಿಯುವಾಗ ಹಾಳಾಗುವುದು ಸಹಜ. ಬಂದವರ ಹೆಸರು, ಊರು, ಮಾಡುತ್ತಿರುವ ಕೆಲಸ ಕೇಳಿ ಬರೆದುಕೊಳ್ಳಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಮಾತಾಡಬೇಡಿ. ಕೊನೆಯ ಹದಿನೈದು ನಿಮಿಷ ಮೆಷಿನ್ ಆಫ್ ಮಾಡಿ, ಬೆಂಚ್ ಒರೆಸಿ, ಟೂಲ್ ಎಣಿಸಿ ಒಳಗಿಡುವುದಕ್ಕೆ ಮೀಸಲಿರಲಿ. ಆ ಕೆಲಸವನ್ನೂ ಕಲಿಯುವವರೇ ಮಾಡಲಿ, ನೀವು ಜೊತೆಗೆ ಕೈ ಹಾಕಿ.